ಹಿಮಾಲಯದ ಪಟ್ಟಿ ಹಿಡಿದು ಮಲೆನಾಡು ಹತ್ತಬೇಡಿ

ಕೊಡಚಾದ್ರಿಯ ಸರ್ವಜ್ಞ ಪೀಠದಿಂದ ಸ್ವಲ್ಪ ಕೆಳಗೆ, ಅಕ್ಟೋಬರ್ ತಿಂಗಳ ಒಂದು ಮಧ್ಯಾಹ್ನ, ಹುಡುಗನೊಬ್ಬ ಬಂಡೆಗೆ ಒರಗಿ ಗಡಗಡ ನಡುಗುತ್ತಿದ್ದ. ವಯಸ್ಸು ಇಪ್ಪತ್ತೆರಡೋ ಇಪ್ಪತ್ತಮೂರೋ. ಮೈಮೇಲೆ ದುಬಾರಿ ಮಳೆ ಜಾಕೆಟ್, ಕಾಲಲ್ಲಿ ಹೊಚ್ಚ ಹೊಸ ಟ್ರೆಕ್ಕಿಂಗ್ ಬೂಟು. ಜಿಪ್ ಇಳಿಸಿ ನೋಡಿದೆವು. ಒಳಗಿನ ಕಾಟನ್ ಟೀ ಶರ್ಟ್ ಹಿಂಡಿದರೆ ನೀರು ಸುರಿಯುವಷ್ಟು ಒದ್ದೆ. ಮಳೆ ಒಂದು ಹನಿಯೂ ಒಳಗೆ ಬಂದಿರಲಿಲ್ಲ. ಅಷ್ಟೂ ಅವನದೇ ಬೆವರು. ಹತ್ತುವಾಗ ಗೊತ್ತಾಗಲಿಲ್ಲ. ಮೇಲೆ ಬಯಲಿಗೆ ಬಂದು ಗಾಳಿ ಬೀಸಿದ್ದೇ ತಡ, ಆ ಬೆವರೇ ಮೈ ಕೊರೆಯತೊಡಗಿತ್ತು. ಮಾತು ತೊದಲುತ್ತಿತ್ತು. ಜೀಪ್ ಡ್ರೈವರ್ ಒಬ್ಬರು ಸೀಟಿನ ಹಿಂದಿದ್ದ ಕರಿ ಕಂಬಳಿ ತಂದರು. "ಆ ಒದ್ದೆ ಅಂಗಿ ಮೊದ್ಲು ಬಿಚ್ಚು ತಮ್ಮಾ, ಇದನ್ನ ಹೊದ್ಕೋ" ಅಂದರು. ಬಿಸಿ ಕಷಾಯ ಹೊಟ್ಟೆಗೆ ಬಿದ್ದು ಅರ್ಧ ಗಂಟೆ ಕಳೆದ ಮೇಲೆ ಹುಡುಗ ಸರಿಯಾಗಿ ಮಾತಾಡಿದ.

ಅವನು ತಯಾರಿ ಇಲ್ಲದೆ ಬಂದವನಲ್ಲ. ಅದೇ ನನ್ನನ್ನು ಕಾಡಿದ್ದು. ಇಂಟರ್ನೆಟ್‌ನಲ್ಲಿ ಸಿಕ್ಕ ಪಟ್ಟಿ ನೋಡಿ ಒಂದೊಂದೇ ಸಾಮಾನು ಜೋಡಿಸಿಕೊಂಡಿದ್ದ. ಆದರೆ ಆ ಪಟ್ಟಿ ಹಿಮಾಲಯದ್ದು. ಒಣ ಚಳಿ, ಹಿಮ, ತೆಳು ಗಾಳಿ ಇರುವ ಕಡೆಗೆ ಬರೆದದ್ದು. ಕೊಡಚಾದ್ರಿ 1,343 ಮೀಟರ್ ಅಷ್ಟೇ. ಇಲ್ಲಿ ಎತ್ತರದಿಂದ ಯಾರಿಗೂ ತೊಂದರೆ ಆಗುವುದಿಲ್ಲ. ತೊಂದರೆ ಕೊಡುವುದು ನೀರು, ತೇವ, ಮಂಜು, ಮೈಗೆ ಹತ್ತಿ ರಕ್ತ ಹೀರುವ ಉಣುಗು, ಮತ್ತೆ ಸಿಗ್ನಲ್ ಇಲ್ಲದ ಕಣಿವೆ. ಇವುಗಳಿಗೆ ಬೇರೆಯದೇ ಪಟ್ಟಿ ಬೇಕು.

ಈ ಮಾತು ಈಗ ಆಡಬೇಕಾದ ಕಾರಣವೂ ಇದೆ. 2024ರ ಜನವರಿ 26ರ ಆಸುಪಾಸಿನ ರಜೆಯಲ್ಲಿ ಕುಮಾರ ಪರ್ವತದ ಹಾದಿಯಲ್ಲಿ ಜಾತ್ರೆಯಂತೆ ಜನ ಸೇರಿದ ವಿಡಿಯೋ ಎಲ್ಲರ ಮೊಬೈಲಿಗೂ ಬಂತು. ಆಮೇಲೆ ಆನ್‌ಲೈನ್ ಬುಕಿಂಗ್ ಇಲ್ಲದ ಹಾದಿಗಳಲ್ಲಿ ಚಾರಣವನ್ನು ಸರ್ಕಾರ ತಾತ್ಕಾಲಿಕವಾಗಿ ನಿಲ್ಲಿಸಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಚಾರಣದ ಟಿಕೆಟ್ ಕಾಯ್ದಿರಿಸುವ 'ಅರಣ್ಯ ವಿಹಾರ' ಜಾಲತಾಣ ಬಂತು. ಒಂದು ಹಾದಿಗೆ ದಿನಕ್ಕೆ 300 ಮಂದಿ ಎಂಬ ಮಿತಿಯೂ ಬಂತು. ಇದು ಆಗಲೇಬೇಕಿದ್ದ ಕೆಲಸ. ಸಾವಿರಾರು ಕಾಲು ಒಂದೇ ದಿನ ಬಿದ್ದರೆ ಶೋಲಾದ (ಬೆಟ್ಟದ ಮಡಿಲಿನ ನಿತ್ಯಹಸಿರು ಕಾಡಿನ) ಅಂಚಿನ ಹುಲ್ಲು ಮತ್ತೆ ಏಳುವುದಿಲ್ಲ. ಆದರೆ ಟಿಕೆಟ್ ಲೆಕ್ಕ ಹಾಕುವುದು ತಲೆಗಳನ್ನು ಮಾತ್ರ. ಆ 300 ಜನರಲ್ಲಿ ಎಷ್ಟು ಮಂದಿಗೆ ತಾವು ಎಂಥ ಕಾಡಿಗೆ ಕಾಲಿಡುತ್ತಿದ್ದೇವೆ ಅಂತ ಗೊತ್ತಿದೆ ಎಂಬುದು ಆ ಲೆಕ್ಕದಲ್ಲಿ ಇಲ್ಲ. ಇತ್ತ 2025ರ ಜುಲೈನಲ್ಲಿ ಶರಾವತಿ ಹಿನ್ನೀರಿನ ಮೇಲೆ ಸಿಗಂದೂರು ಸೇತುವೆ ತೆರೆಯಿತು. ಲಾಂಚ್‌ಗೆ ಕಾಯುತ್ತಿದ್ದ ಕಾಲ ಹೋಯಿತು. ಸಾಗರದಿಂದ ತುಮರಿ ದಾಟಿ ಕೊಲ್ಲೂರು ಕಡೆಗೆ ಹೋಗುವುದು ಈಗ ಸಲೀಸು. ಊರವರಿಗೆ ಅದು ದೊಡ್ಡ ನೆಮ್ಮದಿ. ಜೊತೆಗೆ, ಮೊದಲು ಯಾರೂ ಅಷ್ಟಾಗಿ ಹೋಗದಿದ್ದ ಕಾಡಿನ ಅಂಚಿಗೂ ಹೊಸಬರ ಕಾರುಗಳು ಬರುತ್ತವೆ.

ಜಾಕೆಟ್ ವಿಚಾರಕ್ಕೆ ಮತ್ತೆ ಬರ್ತೀನಿ, ಯಾಕೆಂದರೆ ಜಾಸ್ತಿ ದುಡ್ಡು ಸುರಿಯುವುದೂ ಜಾಸ್ತಿ ಮೋಸ ಹೋಗುವುದೂ ಅಲ್ಲೇ.

ಉಸಿರಾಡುವ ಬಟ್ಟೆ ಅಂತ ಮಾರುವ ಜಾಕೆಟ್‌ಗಳಲ್ಲಿ ಒಂದು ತೆಳು ಪೊರೆ ಇರುತ್ತದೆ. ಅದರ ರಂಧ್ರ ಎಷ್ಟು ಸಣ್ಣದೆಂದರೆ ನೀರಿನ ಹನಿ ಒಳಗೆ ತೂರಲಾರದು, ಆವಿ ಮಾತ್ರ ಹೊರಗೆ ಹೋಗಬಲ್ಲದು. ಜಾಕೆಟ್ ಮೇಲೆ 10,000 ಎಂಎಂ ಅಂತ ಬರೆದಿದ್ದರೆ, 10 ಮೀಟರ್ ಎತ್ತರದ ನೀರಿನ ಒತ್ತಡ ಬೀಳುವ ತನಕ ಆ ಬಟ್ಟೆ ಸೋರುವುದಿಲ್ಲ ಅಂತ ಅರ್ಥ. ಇಷ್ಟೆಲ್ಲ ನಿಜ. ಆದರೆ ಆವಿ ತಾನಾಗಿಯೇ ಹೊರಗೆ ಹೋಗುವುದಿಲ್ಲ. ಒಳಗೆ ಬಿಸಿ ಮತ್ತು ತೇವ, ಹೊರಗೆ ಚಳಿ ಮತ್ತು ಒಣ ಹವೆ ಇರಬೇಕು. ಆ ವ್ಯತ್ಯಾಸವೇ ಆವಿಯನ್ನು ತಳ್ಳುವುದು. ಲಡಾಖ್‌ನಲ್ಲಿ ಅದು ಧಾರಾಳವಾಗಿದೆ. ಆಗುಂಬೆಯಲ್ಲಿ? ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಮೀರಿ ಮಳೆ ಬೀಳುವ ಊರದು. ಮಳೆಗಾಲದಲ್ಲಿ ಒಗೆದ ಬಟ್ಟೆ ಒಲೆಯ ಮೇಲೆ ಕಟ್ಟಿ ಒಣಗಿಸಿಕೊಳ್ಳುವ ಊರು. ಗಾಳಿಯೇ ನೀರು ಕುಡಿದು ಕೂತಿರುವಾಗ ನಿಮ್ಮ ಬೆವರನ್ನು ಅದು ಎಲ್ಲಿಟ್ಟುಕೊಳ್ಳಬೇಕು? ಅದರ ಮೇಲೆ, ಜಾಕೆಟ್‌ನ ಹೊರಪದರದ ಲೇಪ ಸವೆದು ಬಟ್ಟೆ ನೀರು ಹೀರಿತು ಅಂದರೆ, ಇದ್ದ ಚೂರು ಉಸಿರಾಟವೂ ನಿಂತುಹೋಗುತ್ತದೆ. ಆಮೇಲೆ ಅದು ಒಂದು ಪ್ಲಾಸ್ಟಿಕ್ ಚೀಲ ಅಷ್ಟೇ.

ಈಗ ನಮ್ಮ ಕಂಬಳಿ ಕೊಪ್ಪೆ ನೋಡಿ. ಕಂಬಳಿಯ ಒಂದು ಮೂಲೆ ಒಳಕ್ಕೆ ಮಡಚಿ ತಲೆಗೆ ಹಾಕಿದರೆ ಮುಗಿಯಿತು. ಬೆನ್ನು ಮುಚ್ಚುತ್ತದೆ, ಮುಂದೆ ತೆರೆದೇ ಇರುತ್ತದೆ, ಕೆಳಗಿನಿಂದ ಗಾಳಿ ಆಡುತ್ತದೆ. ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಪಾಲಿನಷ್ಟು ತೇವ ಹೀರಿದರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ಎಳೆಗಳ ನಡುವೆ ಗಾಳಿ ಹಿಡಿದಿಟ್ಟುಕೊಂಡು ಬೆಚ್ಚಗಿಡುತ್ತದೆ. ನಾಟಿ ಗದ್ದೆಯಲ್ಲಿ ಬಗ್ಗಿದವರ ಬೆನ್ನ ಮೇಲೆ ಬಿದಿರಿನ ಸೀಳು, ಎಲೆ ಹೆಣೆದ ಗೊರಬು ಇರುತ್ತಿತ್ತು. ಅದೂ ಅಷ್ಟೇ, ಮೈಗೆ ಅಂಟದು. ಈಗ ಗದ್ದೆಗಳಲ್ಲೂ ಪ್ಲಾಸ್ಟಿಕ್ ಕೊಪ್ಪೆ ಬಂದಿದೆ, ಅದು ಬೇರೆ ಮಾತು. ಎಲ್ಲರೂ ಕಂಬಳಿ ಹೊತ್ತು ಬೆಟ್ಟ ಹತ್ತಿ ಅಂತ ನಾನು ಹೇಳುತ್ತಿಲ್ಲ. ನೆಂದ ಕಂಬಳಿಯ ಭಾರ ಹೊತ್ತವರಿಗೇ ಗೊತ್ತು. ಅದರಿಂದ ಕಲಿಯಬೇಕಾದ ಪಾಠ ಒಂದಿದೆ: ಮಲೆನಾಡಿನ ಮಳೆಯಲ್ಲಿ ಪೊರೆಗಿಂತ ಗಾಳಿಯಾಟ ಮುಖ್ಯ. ಕಂಕುಳಲ್ಲಿ ಜಿಪ್ ಇರುವ ಜಾಕೆಟ್, ಇಲ್ಲವೇ ಬ್ಯಾಗನ್ನೂ ಮುಚ್ಚುವ ಸಡಿಲ ಪಾಂಚೋ ಸಾಕು. ಕಾಡಿನೊಳಗೆ ಗಾಳಿ ಇಲ್ಲದ ಕಡೆ ಕೊಡೆ ಹಿಡಿದು ನಡೆಯುವುದಕ್ಕೆ ನಾಚಿಕೊಳ್ಳಬೇಡಿ. ಒಳಗೆ ಕಾಟನ್ ಬೇಡ, ಬೇಗ ಒಣಗುವ ಪಾಲಿಯೆಸ್ಟರ್ ಅಥವಾ ತೆಳು ಉಣ್ಣೆ ಇರಲಿ. ಜೀನ್ಸ್ ಅಂತೂ ಬೇಡವೇ ಬೇಡ. ಒಂದು ಒಣ ಅಂಗಿ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಬ್ಯಾಗಿನ ತಳದಲ್ಲಿಡಿ. ತುದಿ ತಲುಪಿ ನಿಂತ ಮೇಲೆ ಹಾಕಿಕೊಳ್ಳಿ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಶಾಖ ಎಳೆದುಕೊಳ್ಳುತ್ತದೆ. ಹಾಗಾಗಿ ದೇಹ ತಣ್ಣಗಾಗಿ ಅಪಾಯಕ್ಕೆ ಬೀಳಲು ಹಿಮವೇ ಬೇಕು ಅಂತೇನಿಲ್ಲ. ಒದ್ದೆ ಬಟ್ಟೆ, ಜೋರು ಗಾಳಿ, ಹದಿನೈದು ಡಿಗ್ರಿ ಚಳಿ ಒಟ್ಟಿಗೆ ಸೇರಿದರೂ ಸಾಕು.

ಬೂಟಿನದೂ ಅದೇ ಕಥೆ. ನೀರು ಒಳಗೆ ಬಾರದ ಬೂಟು ಹಿಮಕ್ಕೆ ಸರಿ. ಇಲ್ಲಿ ಮೊಣಕಾಲು ಮಟ್ಟದ ಹಳ್ಳ ದಾಟಿದರೆ ನೀರು ಮೇಲಿನಿಂದ ತುಂಬಿಕೊಳ್ಳುತ್ತದೆ, ಹೊರಗೆ ಹೋಗುವ ದಾರಿಯೇ ಇರುವುದಿಲ್ಲ. ದಿನವಿಡೀ ಬಕೆಟ್ ಕಟ್ಟಿಕೊಂಡು ನಡೆದಂತೆ. ದಾರಿ ತೋರಿಸಲು ಬರುವ ಊರ ಹುಡುಗರ ಕಾಲು ನೋಡಿ. ಕೆಲವು ನೂರು ರೂಪಾಯಿಯ, ತಳದಲ್ಲಿ ಗುಬುಟು ಇರುವ ಪ್ಲಾಸ್ಟಿಕ್ ಶೂ. ನೀರು ಬಂದ ಹಾಗೇ ಹೋಗುತ್ತದೆ, ಪಾಚಿ ಕಟ್ಟಿದ ಜಾರು ನೆಲದಲ್ಲಿ ಕಚ್ಚಿ ಹಿಡಿಯುತ್ತದೆ.

ಇಂಬಳದ, ಅಂದರೆ ಜಿಗಣೆಯ ಬಗ್ಗೆ ಎಲ್ಲರೂ ಕೇಳುತ್ತಾರೆ. ಅದರ ಬಗ್ಗೆ ಇಷ್ಟು ಭಯ ಬೇಡ. ಒತ್ತಾಗಿ ನೇಯ್ದ ಉದ್ದ ಕಾಲುಚೀಲ ಹಾಕಿ, ಅದರ ಮೇಲೆ ಹೊಗೆಸೊಪ್ಪು ನೆನೆಸಿದ ನೀರನ್ನೋ ಸುಣ್ಣವನ್ನೋ ಸವರಿದರೆ ಹತ್ತುವುದು ಕಡಿಮೆ. ಕಚ್ಚಿದರೆ ಉಗುರಿನಿಂದ ಪಕ್ಕಕ್ಕೆ ಜಾರಿಸಿ ಬಿಡಿಸಿ. ರಕ್ತ ಹೆಪ್ಪುಗಟ್ಟದಂತೆ ಅದು ಒಂದು ರಸ ಬಿಡುವುದರಿಂದ ಸ್ವಲ್ಪ ಹೊತ್ತು ಸೋರುತ್ತದೆ, ಅಷ್ಟೇ.

ಚಾರಣದ ಕಾಲವೇ ಮಂಗನ ಕಾಯಿಲೆಯ ಕಾಲ

ಭಯ ಪಡಬೇಕಾದ್ದು ಇಂಬಳಕ್ಕಲ್ಲ, ಉಣುಗಿಗೆ. ಇದು ಯಾವ ಸಾಮಾನಿನ ಪಟ್ಟಿಯಲ್ಲೂ ಕಾಣುವುದಿಲ್ಲ. ಅದೇ ನನಗೆ ಸಂಕಟ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಒಂದರ ಹಿಂದೆ ಒಂದು ಸತ್ತು ಬಿದ್ದವು. ಸುತ್ತಲಿನ ಜನರಿಗೂ ಜ್ವರ ಬಂತು. ಆಗ ಪತ್ತೆಯಾದ ವೈರಸ್‌ಗೆ ಆ ಕಾಡಿನ ಹೆಸರೇ ಬಂತು. ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲಿ ಅದು ಕ್ಯಾಸನೂರು ಕಾಡಿನ ಕಾಯಿಲೆ, ಕೆಎಫ್‌ಡಿ. ನಮ್ಮ ಬಾಯಲ್ಲಿ ಮಂಗನ ಕಾಯಿಲೆ. ಹರಡುವುದು ಉಣುಗಿನಿಂದ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಇದು ಹಲವರನ್ನು ಬಲಿ ತೆಗೆದುಕೊಂಡಿತು. ಕೊಟ್ಟಿಗೆಗೆ ದರಗು (ಉದುರಿದ ಒಣ ಎಲೆ) ಗುಡಿಸಿ ತರಲು, ಕಟ್ಟಿಗೆ ತರಲು, ದನ ಮೇಯಿಸಲು ಕಾಡಿಗೆ ಹೋಗುವವರಿಗೆ ಇದು ಅಂಟುವುದು ಜಾಸ್ತಿ.

ಈಗ ಕ್ಯಾಲೆಂಡರ್ ತೆಗೆದು ನೋಡಿ. ಮರಿ ಉಣುಗುಗಳು ಜೋರಾಗಿ ಓಡಾಡುವುದು ಮಳೆ ನಿಂತ ಮೇಲೆ, ಸುಮಾರು ಡಿಸೆಂಬರ್‌ನಿಂದ ಮೇ ತನಕ. ನಾವು "ಈಗ ಹೋಗೋದಕ್ಕೆ ಚೆನ್ನಾಗಿರತ್ತೆ, ಇಂಬಳ ಇರಲ್ಲ" ಅಂತ ಬೆಟ್ಟಕ್ಕೆ ಹೊರಡುವುದೂ ಆವಾಗಲೇ ಅಲ್ವಾ? ಒಣಗಿದ ದರಗಿನ ಮೇಲೆ ಟವೆಲ್ ಹಾಸಿ ಬುತ್ತಿ ಬಿಚ್ಚುವುದೂ ಆವಾಗಲೇ. ಆ ಮರಿ ಉಣುಗು ಎಳ್ಳಿನ ಕಾಳಿನಷ್ಟೂ ಇರುವುದಿಲ್ಲ. ಕಚ್ಚಿದ್ದು ಗೊತ್ತೇ ಆಗುವುದಿಲ್ಲ.

ಇದಕ್ಕೆ ಬೇಕಾದ ಸಾಮಾನು ತುಂಬಾ ಅಗ್ಗ. ತಿಳಿ ಬಣ್ಣದ ಪ್ಯಾಂಟು, ಉಣುಗು ಹತ್ತಿದರೆ ಕಾಣಲಿ ಅಂತ. ಪ್ಯಾಂಟಿನ ತುದಿ ಕಾಲುಚೀಲದ ಒಳಗೆ. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ರೂಪಿಸಿದ, ಉಣುಗು ಹತ್ತದಂತೆ ತಡೆಯುವ ಡೇಪಾ ಎಂಬ ಎಣ್ಣೆಯನ್ನು ಆರೋಗ್ಯ ಇಲಾಖೆ ಈ ಭಾಗದ ಜನರಿಗೆ ಹಂಚುತ್ತದೆ. ಕಾಡಿಗೆ ಹೋಗುವ ಮುಂಚೆ ಕೈಕಾಲಿಗೆ ಹಚ್ಚಿಕೊಳ್ಳಬೇಕು. ಬ್ಯಾಗಿನಲ್ಲಿ ಒಂದು ಸಣ್ಣ ಚಿಮುಟ ಇರಲಿ. ಉಣುಗು ಕಚ್ಚಿದ್ದರೆ ಚರ್ಮಕ್ಕೆ ತೀರಾ ಹತ್ತಿರದಲ್ಲಿ ಹಿಡಿದು ನೇರವಾಗಿ ಎಳೆಯಬೇಕು. ಬೆರಳಲ್ಲಿ ಹೊಸಕಬಾರದು. ಇಳಿದ ಮೇಲೆ ಬಿಸಿನೀರಿನ ಸ್ನಾನ, ಹಾಕಿದ ಬಟ್ಟೆಯೂ ಬಿಸಿನೀರಿಗೆ. ದಾರಿಯಲ್ಲಿ ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಫೋಟೋ ತೆಗೆಯಲೂ ಬೇಡಿ. ವಾಪಸ್ ತಿರುಗಿ, ಊರಿನ ಆಶಾ ಕಾರ್ಯಕರ್ತೆಗೋ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ತಿಳಿಸಿ.

ಇನ್ನೊಂದು ಮಾತು, ಇದನ್ನು ಮಾತ್ರ ಮರೆಯಬೇಡಿ. ಉಣುಗು ಕಚ್ಚಿ 3ರಿಂದ 8 ದಿನಕ್ಕೆ ಜ್ವರ ಬರುತ್ತದೆ. ಅಷ್ಟರಲ್ಲಿ ನೀವು ಬೆಂಗಳೂರಿನಲ್ಲಿ ಆಫೀಸಿಗೆ ಹೋಗುತ್ತಿರುತ್ತೀರಿ. ಏಕಾಏಕಿ ಜೋರು ಜ್ವರ, ತಲೆ ಸಿಡಿತ, ಮೈ ಮಾಂಸಖಂಡ ಎಲ್ಲ ನೋವು. ಅಲ್ಲಿನ ಡಾಕ್ಟರ್‌ಗೆ ಡೆಂಗಿ ನೆನಪಾಗುವುದು ಸಹಜ. "ನಾನು ಹೋದ ವಾರ ಶಿವಮೊಗ್ಗದ ಕಾಡಿಗೆ ಹೋಗಿದ್ದೆ" ಅಂತ ನೀವೇ ಹೇಳಬೇಕು. ಈ ಕಾಯಿಲೆಗೆಂದೇ ನಿರ್ದಿಷ್ಟ ಔಷಧಿ ಇಲ್ಲ. ಹಿಂದೆ ಕೊಡುತ್ತಿದ್ದ ಲಸಿಕೆ ಈಗ ಬಳಕೆಯಲ್ಲಿಲ್ಲ. ಬೇಗ ಪತ್ತೆ ಮಾಡಿ, ನೀರು, ರಕ್ತದ ಲೆಕ್ಕ ನೋಡಿಕೊಳ್ಳುವುದೇ ಚಿಕಿತ್ಸೆ. ನೀವು ಹೇಳುವ ಆ ಒಂದು ವಾಕ್ಯ ಎರಡು-ಮೂರು ದಿನ ಉಳಿಸುತ್ತದೆ.

ಕೈಯಲ್ಲಿರುವ ಫೋನು ಏನು ಮಾಡಬಲ್ಲದು

"ಅಲ್ಲಿ ನೆಟ್‌ವರ್ಕ್ ಇಲ್ಲ, ಹಾಗಾಗಿ ಜಿಪಿಎಸ್ ಕೆಲಸ ಮಾಡಲ್ಲ" ಅಂತ ಓದಿದವರೇ ಹೇಳುವುದನ್ನು ಕೇಳಿದ್ದೇನೆ. ಇದು ತಪ್ಪು. ಫೋನು ಉಪಗ್ರಹಗಳಿಂದ ಬರುವ ಸಂಕೇತ ಕೇಳಿಸಿಕೊಂಡು ತಾನೆಲ್ಲಿದ್ದೇನೆ ಅಂತ ಲೆಕ್ಕ ಹಾಕುತ್ತದೆ. ಅದಕ್ಕೆ ಸಿಮ್ ಬೇಡ, ಡೇಟಾ ಬೇಡ. ಡೇಟಾ ಬೇಕಾಗುವುದು ಹಿಂದಿನ ನಕ್ಷೆಯ ಚಿತ್ರ ತರಿಸಿಕೊಳ್ಳಲು, ಮತ್ತೆ ಯಾವ ಉಪಗ್ರಹ ಎಲ್ಲಿದೆ ಅಂತ ಬೇಗ ತಿಳಿಯಲು. ನೆಟ್‌ವರ್ಕ್ ಇಲ್ಲದ ಕಡೆ ಫೋನ್ ಆನ್ ಮಾಡಿದರೆ ಆ ಮಾಹಿತಿಯನ್ನು ಉಪಗ್ರಹದಿಂದಲೇ ನಿಧಾನವಾಗಿ ಕೇಳಿಕೊಳ್ಳಬೇಕು. ಕೆಲವು ನಿಮಿಷ ಹಿಡಿಯುತ್ತದೆ. ಅಷ್ಟು ಹೊತ್ತು ಆಕಾಶ ಕಾಣುವ ಕಡೆ ನಿಲ್ಲಬೇಕು. ಹಾಗಾಗಿ ಮನೆಯಲ್ಲೇ ಆಫ್‌ಲೈನ್ ನಕ್ಷೆ ಇಳಿಸಿಕೊಳ್ಳಿ. ನಡಿಗೆ ಶುರುವಾಗುವ ಜಾಗದಲ್ಲೇ ಟ್ರ್ಯಾಕ್ ರೆಕಾರ್ಡಿಂಗ್ ಹಾಕಿ. ಮಂಜು ಮುಸುಕಿದಾಗ ಬಂದ ಹಾದಿಯಲ್ಲೇ ವಾಪಸ್ ಹೋಗಲು ಆ ಗೆರೆಗಿಂತ ದೊಡ್ಡ ಸಹಾಯ ಇಲ್ಲ.

ಆದರೆ ಆ ಗೆರೆಯನ್ನೂ ಕಣ್ಣು ಮುಚ್ಚಿ ನಂಬುವ ಹಾಗಿಲ್ಲ. ಉಪಗ್ರಹದ ಸಂಕೇತ ತುಂಬಾ ದುರ್ಬಲ. ನೆಂದ ದಟ್ಟ ಎಲೆಗಳ ಕೆಳಗೆ ಇನ್ನೂ ಕುಗ್ಗುತ್ತದೆ. ಕಣಿವೆಯ ಗೋಡೆಗೆ ಬಡಿದು ತಿರುಗಿ ಬಂದರೆ ಲೆಕ್ಕವೇ ತಪ್ಪುತ್ತದೆ. ಪೇಟೆಯಲ್ಲಿ ಮೂವತ್ತು ಮೀಟರ್ ತಪ್ಪಾದರೆ ಪಕ್ಕದ ರಸ್ತೆ ತೋರಿಸುತ್ತದೆ. ಘಟ್ಟದ ಅಂಚಿನಲ್ಲಿ ಮೂವತ್ತು ಮೀಟರ್ ಅಂದರೆ ಪ್ರಪಾತ. ನಕ್ಷೆಯಲ್ಲಿ "ಇನ್ನು 800 ಮೀಟರ್" ಅಂತ ಕಾಣುವುದು ಹದ್ದು ಹಾರುವ ದೂರ. ನಡುವೆ ಒಂದು ಹಳ್ಳ, ಒಂದು ದರೆ ಇದ್ದರೆ ಅದು ಒಂದೂವರೆ ಗಂಟೆಯ ಹಾದಿ. ಇದಕ್ಕೆ ಮದ್ದು ಎತ್ತರದ ಗೆರೆಗಳಿರುವ ನಕ್ಷೆ. ಸರ್ವೆ ಆಫ್ ಇಂಡಿಯಾದ 1:50,000 ಅಳತೆಯ ನಕ್ಷೆಗಳನ್ನು 2017ರಿಂದ ನಾವು ಉಚಿತವಾಗಿ ಇಳಿಸಿಕೊಳ್ಳಬಹುದು. ಎರಡು ಸೆಂಟಿಮೀಟರ್‌ಗೆ ಒಂದು ಕಿಲೋಮೀಟರ್. ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಇಳಿಜಾರು. ಒಂದು ಸಂಜೆ ಕೂತು ಕಲಿತರೆ ಬದುಕಿಡೀ ಉಳಿಯುವ ವಿದ್ಯೆ. ಪ್ರಿಂಟ್ ತೆಗೆದು ಪ್ಲಾಸ್ಟಿಕ್ ಕವರಿನಲ್ಲಿಡಿ. ಒದ್ದೆ ಬೆರಳಿಗೆ ಫೋನಿನ ಪರದೆ ಮಾತು ಕೇಳದಿದ್ದಾಗ ಕಾಗದ ಕೇಳುತ್ತದೆ.

ಸಿಗ್ನಲ್ ಹುಡುಕುತ್ತಲೇ ಇರುವ ಫೋನು ಬ್ಯಾಟರಿ ತಿನ್ನುತ್ತದೆ. ಏರ್‌ಪ್ಲೇನ್ ಮೋಡ್‌ಗೆ ಹಾಕಿ, ಜಿಪಿಎಸ್ ಆಗಲೂ ನಡೆಯುತ್ತದೆ. 10,000 ಎಂಎಎಚ್ ಪವರ್ ಬ್ಯಾಂಕ್‌ನಿಂದ ಫೋನಿಗೆ ನಿಜವಾಗಿ ತಲುಪುವುದು 6,000ದ ಆಸುಪಾಸು. ಟಾರ್ಚ್ ಬಗ್ಗೆಯೂ ಒಂದು ಮಾತು. ಹಣೆಗೆ ಕಟ್ಟುವ ದೀಪ ಒಳ್ಳೆಯದು, ಎರಡೂ ಕೈ ಖಾಲಿ ಇರುತ್ತದೆ. ಆದರೆ ಮಂಜಿನಲ್ಲಿ ಅದೇ ಬೆಳಕು ಬಿಳಿ ಗೋಡೆಯಾಗಿ ಕಣ್ಣಿಗೆ ಹೊಡೆಯುತ್ತದೆ. ಆಗ ಹಣೆಯಿಂದ ಬಿಚ್ಚಿ ಸೊಂಟದ ಕೆಳಗೆ ಹಿಡಿಯಿರಿ. ನೆಲ ಕಾಣುತ್ತದೆ.

ಬೇರೆ ದೇಶಗಳಲ್ಲಿ ಚಾರಣಿಗರು ಉಪಗ್ರಹದ ಮೂಲಕ ಸಂದೇಶ ಕಳಿಸುವ ಪುಟ್ಟ ಯಂತ್ರ ಇಟ್ಟುಕೊಳ್ಳುತ್ತಾರೆ. ಕಾಲು ಮುರಿದರೆ ಒಂದು ಬಟನ್ ಒತ್ತಿದರೆ ಸಾಕು. ನಮ್ಮಲ್ಲಿ ಅನುಮತಿ ಇಲ್ಲದೆ ಅದನ್ನು ಇಟ್ಟುಕೊಳ್ಳುವುದೇ ಅಪರಾಧ. ಗೊತ್ತಿಲ್ಲದೆ ತಂದ ವಿದೇಶಿ ಪ್ರವಾಸಿಗಳು ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದದ್ದಿದೆ. ಭದ್ರತೆಯ ಕಾರಣ ಅರ್ಥವಾಗುತ್ತದೆ. ಆದರೂ ಹೊಸನಗರ, ಸಾಗರದ ಹಿನ್ನೀರಿನ ಊರುಗಳು ಒಂದು ಟವರ್‌ಗಾಗಿ ವರ್ಷಗಟ್ಟಲೆ ಕೂಗಿವೆ. ಊರಿನಲ್ಲೇ ಸಿಗ್ನಲ್ ಇಲ್ಲದ ಮೇಲೆ ಕಾಡಿನಲ್ಲಿ ಎಲ್ಲಿಂದ ಬರಬೇಕು? ಕಡೇಪಕ್ಷ ನೋಂದಾಯಿತ ಗೈಡ್‌ಗಳಿಗಾದರೂ ಇಂಥ ಯಂತ್ರಕ್ಕೆ ಅನುಮತಿ ಕೊಡುವ ದಾರಿ ಹುಡುಕಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಸದ್ಯಕ್ಕೆ ಉಳಿದಿರುವುದು ತುರ್ತು ಕರೆಯ ಸಂಖ್ಯೆ 112. ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯದು ಸಿಕ್ಕರೆ ಫೋನು ಆ ಕರೆಯನ್ನು ಅದರ ಮೂಲಕ ಹಾಕಲು ನೋಡುತ್ತದೆ. ಹಾಗಾಗಿ ಸಿಗ್ನಲ್ ಇಲ್ಲ ಅಂತ ಸುಮ್ನೆ ಕೂರದೆ ಎತ್ತರದ ಬಯಲಿಗೆ ಹೋಗಿ ಪ್ರಯತ್ನಿಸಿ.

ಸಹಾಯ ದೂರ ಇದೆ ಎಂಬುದನ್ನು ಹಾವಿನ ವಿಚಾರದಲ್ಲಿ ಇನ್ನೂ ಗಂಭೀರವಾಗಿ ತೆಗೆದುಕೊಳ್ಳಬೇಕು. ನಮ್ಮ ಆಸ್ಪತ್ರೆಗಳಲ್ಲಿ ಸಿಗುವ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ತಯಾರಾದದ್ದು. ಆಗುಂಬೆಯ ಕಾಳಿಂಗಕ್ಕೂ, ಒದ್ದೆ ಕೊಂಬೆಯ ಮೇಲೆ ಎಲೆಯಂತೆ ಕೂತಿರುವ ಮಲಬಾರ್ ಗುಳಿಮಂಡಲಕ್ಕೂ ಅದು ತಯಾರಾದದ್ದಲ್ಲ. ಆಗುಂಬೆಯಿಂದ ಶಿವಮೊಗ್ಗಕ್ಕೆ ಸುಮಾರು 90 ಕಿಲೋಮೀಟರ್. ಏರು ಹತ್ತುವಾಗ ನೋಡದೆ ಕೊಂಬೆಗೆ ಕೈ ಹಾಕದಿರುವುದೇ ಇಲ್ಲಿ ಒಳ್ಳೆಯ ಔಷಧಿ.

ಹಳ್ಳದ ಬಗ್ಗೆ ಹೇಳದೆ ಈ ಲೇಖನ ಮುಗಿಸಲಾರೆ. ನಾನು ಚಿಕ್ಕವನಿದ್ದಾಗ ದೊಡ್ಡಪ್ಪನ ಜೊತೆ ಹಳ್ಳದ ಮೇಲಿನ ಸಂಕ (ಕಾಲುಸೇತುವೆ) ದಾಟಬೇಕಿತ್ತು. ಮಳೆ ಹೊಳವಾಗಿತ್ತು, ಬಿಸಿಲೂ ಬಂದಿತ್ತು. ಅವರು ನಿಂತರು. "ತಡಿ ಮಾರಾಯ, ನೀರಿನ ಬಣ್ಣ ನೋಡು" ಅಂದರು. ತಿಳಿಯಾಗಿದ್ದ ನೀರು ಟೀ ಬಣ್ಣಕ್ಕೆ ತಿರುಗುತ್ತಿತ್ತು. ಹಸಿ ಎಲೆ, ಕಡ್ಡಿ ತೇಲಿ ಬರುತ್ತಿದ್ದವು. ಸದ್ದು ಕೂಡ ಬದಲಾಗಿತ್ತು, ಕೆಳಗೆ ಕಲ್ಲು ಉರುಳುವ ದಡದಡ ಶಬ್ದ. ನಾವಿದ್ದ ಕಡೆ ಬಿಸಿಲು, ಮೇಲೆ ಘಟ್ಟದಲ್ಲಿ ಮಳೆ ಹೊಯ್ದಿತ್ತು. ಕಾಲು ಗಂಟೆಯೊಳಗೆ ಸಂಕ ನೀರಿನಡಿ ಹೋಯಿತು. ಈಗ ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ತಾನಾಗಿಯೇ ಲೆಕ್ಕ ಕಳಿಸುವ ಮಳೆಮಾಪಕಗಳಿವೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಅವುಗಳ ಮಾಹಿತಿ ಕಲೆಹಾಕುತ್ತದೆ. ಸಿಡಿಲಿನ ಮುನ್ಸೂಚನೆಗೆ ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆಯ 'ದಾಮಿನಿ' ಆ್ಯಪ್ ಇದೆ. ಏಪ್ರಿಲ್, ಮೇ ತಿಂಗಳ ಸಂಜೆ ಬೋಳು ತುದಿಯ ಮೇಲೆ ನಿಲ್ಲುವವರು ಅದನ್ನು ನೋಡಿಯೇ ಹೊರಡಬೇಕು, ಯಾಕೆಂದರೆ ಮೇಲೆ ಹೋದ ಮೇಲೆ ಅದು ತೆರೆಯುವುದಿಲ್ಲ.

ಅಂದರೆ ಮಾಹಿತಿ ಇದೆ. ಒಂದು ಇಲಾಖೆಯ ಬಳಿ ಮಳೆಯ ಲೆಕ್ಕ, ಇನ್ನೊಂದರ ಬಳಿ ಮಂಗ ಸತ್ತ ಊರುಗಳ ಪಟ್ಟಿ, ಮತ್ತೊಂದರ ಬಳಿ ಟಿಕೆಟ್ ಪಡೆದವರ ಫೋನ್ ನಂಬರ್. ಈ ಮೂರೂ ಒಂದೇ ಕಡೆ ಸೇರಬೇಕು. ಟಿಕೆಟ್ ಕೊಟ್ಟ ಮೆಸೇಜಿನಲ್ಲೇ "ಈ ಹಾದಿಯ ಹತ್ತಿರ ಮಂಗನ ಕಾಯಿಲೆಯ ಎಚ್ಚರಿಕೆ ಇದೆ", "ನಿನ್ನೆ ಇಷ್ಟು ಮಳೆ ಬಿದ್ದಿದೆ", "ಇಲ್ಲಿಂದ ಮುಂದೆ ಸಿಗ್ನಲ್ ಇಲ್ಲ" ಅಂತ ಕನ್ನಡದಲ್ಲಿ ಮೂರು ಸಾಲು ಬಂದರೆ ದೊಡ್ಡ ಖರ್ಚೇನೂ ಆಗುವುದಿಲ್ಲ. ಹತ್ತಿದವರು ಇಳಿದರೋ ಇಲ್ಲವೋ ಅಂತ ಸಂಜೆ ನೋಡುವ ವ್ಯವಸ್ಥೆಯೂ ಬೇಕು.

ಅದನ್ನು ಈಗಾಗಲೇ ಮಾಡುತ್ತಿರುವವರೊಬ್ಬರನ್ನು ನಾನು ಕಂಡಿದ್ದೇನೆ. ಹೊಸನಗರ ತಾಲ್ಲೂಕಿನಲ್ಲಿ, ಬೆಟ್ಟದ ಹಾದಿ ಶುರುವಾಗುವ ಕಡೆ ಒಬ್ಬರು ಸಣ್ಣ ಹೋಟೆಲ್ ಇಟ್ಟಿದ್ದಾರೆ. ಗಲ್ಲಾದ ಪಕ್ಕ ಒಂದು ನೂರು ಪುಟದ ನೋಟ್‌ಬುಕ್. ಟೀ ಕುಡಿದು ಮೇಲೆ ಹೊರಟವರ ಹೆಸರು, ಎಷ್ಟು ಜನ, ಹೊರಟ ಹೊತ್ತು, ಮನೆಯವರ ನಂಬರ್ ಬರೆಸಿಕೊಳ್ಳುತ್ತಾರೆ. ಇಳಿದು ಬಂದವರ ಹೆಸರಿನ ಮುಂದೆ ಗೆರೆ ಎಳೆಯುತ್ತಾರೆ. ಹೋದ ಸಲ ನಾವು ಇಳಿದಾಗ ಆರೂಕಾಲು. ಕತ್ತಲಾಗುತ್ತಿತ್ತು. ಅವರು ಬಾಗಿಲು ಹಾಕಿರಲಿಲ್ಲ. ನಮ್ಮ ಹೆಸರಿಗೆ ಗೆರೆ ಎಳೆದು, ಪುಟದಲ್ಲಿ ಇನ್ನೂ ಉಳಿದಿದ್ದ ಒಂದು ಹೆಸರು ತೋರಿಸಿ, "ಇವ್ರು ದಾರೀಲಿ ಸಿಕ್ರಾ ನಿಮ್ಗೆ?" ಅಂತ ಕೇಳಿದರು.